ನಲವತ್ತು ದಿನಕ್ಕೆ ಮೊದಲು ಮೂವತ್ತು ದಿನ

ಹೆರಿಗೆಯಾದ ನಲವತ್ತು ದಿನದ ಲೆಕ್ಕ ಬ್ಯಾರಿ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬಾಣಂತಿ ಹೊಸ್ತಿಲು ದಾಟುವುದಿಲ್ಲ, ಮಗುವನ್ನು ಗಾಳಿಗೆ ಒಡ್ಡುವುದಿಲ್ಲ. ಆ ಆರೈಕೆಗೆ ನನ್ನ ತಕರಾರಿಲ್ಲ. ಆದರೆ ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಇನ್ನೊಂದು ಲೆಕ್ಕವೂ ಇದೆ. ಮೂವತ್ತು ದಿನದೊಳಗೆ ಅದರ ಕಣ್ಣಿನ ಒಳಪದರವನ್ನು, ಅಂದರೆ ರೆಟಿನಾವನ್ನು, ಪರೀಕ್ಷಿಸಬೇಕು.

ರೆಟಿನಾದ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮಗು ಮೊದಲೇ ಹುಟ್ಟಿದರೆ ಅವು ಅರ್ಧದಲ್ಲಿರುತ್ತವೆ. ಕೆಲವು ಮಕ್ಕಳಲ್ಲಿ ಮುಂದೆ ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದು ಕಳಚಿಬಿಡುತ್ತವೆ. ಇದಕ್ಕೆ ವೈದ್ಯರು ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಪಾಪೆ ಬಿಳಿಯಾಗಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ 2 ಕಿಲೋಗಿಂತ ಕಡಿಮೆ ತೂಗಿದ ಮಕ್ಕಳಿಗೆ ಈ ಪರೀಕ್ಷೆ ಬೇಕೇ ಬೇಕು. ತೀರಾ ಬೇಗ ಹುಟ್ಟಿದವರಿಗೆ ಎರಡು ಮೂರು ವಾರದಲ್ಲೇ ಆಗಬೇಕು.

ಯಜಮಾನರ ವ್ಯಾಪಾರದ ಕಾರಣ ನಾವಿರುವುದು ಮಹಾರಾಷ್ಟ್ರದ ಉದ್ಗೀರ್‌ನಲ್ಲಿ. ಉದ್ಗೀರ್, ನಿಲಂಗಾ, ಉಮರ್ಗಾ ಮೂರೂ ಗಡಿ ತಾಲ್ಲೂಕುಗಳು. ಇಲ್ಲಿ ಅವಧಿಗೆ ಮೊದಲು ಹೆರಿಗೆಯಾದರೆ ಒಂದು ಮಗು ಲಾತೂರಿಗೆ, ಇನ್ನೊಂದು ಬೀದರ್‌ಗೆ, ಮತ್ತೊಂದು ಸೊಲ್ಲಾಪುರಕ್ಕೆ ಹೋಗುತ್ತದೆ. ಅಲ್ಲಿಂದ ಬಿಡುಗಡೆಯಾದ ಮೇಲೆ ತಾಯಿ ತವರಿಗೆ ಹೊರಡುತ್ತಾಳೆ. ನಮ್ಮವರಾದರೆ ಮಂಗಳೂರಿಗೆ. ರಾಜ್ಯ ಬದಲಾಯಿತು, ಡಾಕ್ಟರ್ ಬದಲಾದರು. ಕಣ್ಣು ನೋಡಬೇಕಾದವರು ಯಾರು? ನಾನು ಇಲ್ಲಿ ನೋಡಿದ ಒಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ಲಸಿಕೆಯ ತಾರೀಕು ಇತ್ತು, ಕಣ್ಣಿನ ತಾರೀಕು ಇರಲಿಲ್ಲ.

ಮಗು ಡಾಕ್ಟರನ್ನು ಹುಡುಕಿಕೊಂಡು ಹೋಗುವ ಬದಲು ಕ್ಯಾಮೆರಾವೇ ಮಗುವಿನ ಬಳಿ ಬರಬೇಕು ಎಂಬುದು ನನ್ನ ವಾದ. ಇದು ಕನಸೇನಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆ ಅದನ್ನೇ ಮಾಡಿ ತೋರಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಹನಿ ಔಷಧ ಹಾಕಿ, ಕೈಯಲ್ಲಿ ಹಿಡಿದ ಕ್ಯಾಮೆರಾವನ್ನು ಕಣ್ಣಿಗೆ ತಾಗಿಸಿ ಚಿತ್ರ ತೆಗೆಯುತ್ತಾರೆ. ಕೆಂಪು ಎಂದರೆ ತಕ್ಷಣ ಚಿಕಿತ್ಸೆ, ಕಿತ್ತಳೆ ಎಂದರೆ ಮತ್ತೆ ಬನ್ನಿ, ಹಸಿರು ಎಂದರೆ ನಿಶ್ಚಿಂತೆ. ದೂರದಲ್ಲಿರುವ ತಜ್ಞರು ಇಂಟರ್‌ನೆಟ್‌ನಲ್ಲಿ ಚಿತ್ರ ನೋಡಿ ಹೇಳುತ್ತಾರೆ. ಯೋಜನೆ ಉತ್ತರ ಕರ್ನಾಟಕಕ್ಕೂ ಹಬ್ಬಿತು. ಮೊದಲಿನ ಕ್ಯಾಮೆರಾ ಆಮದಿನದು, ದುಬಾರಿ. ಆಮೇಲೆ ಬೆಂಗಳೂರಿನ ಫೋರಸ್ ಹೆಲ್ತ್ ಕಂಪೆನಿ ಇಲ್ಲೇ ‘ತ್ರಿನೇತ್ರ ನಿಯೋ’ ತಯಾರಿಸಿತು.

ಬೀದರ್, ಭಾಲ್ಕಿ, ಕಮಲನಗರ, ಉದ್ಗೀರ್ ಎಲ್ಲ ಒಂದೇ ರೈಲು ಮಾರ್ಗದಲ್ಲಿವೆ. ರೈಲಿಗೆ ಇಲ್ಲದ ಗಡಿ ಕ್ಯಾಮೆರಾಕ್ಕೆ ಯಾಕೆ? ಎರಡೂ ಸರ್ಕಾರಗಳು ಮಾತಾಡಿಕೊಂಡು, ವಾರಕ್ಕೊಂದು ದಿನ ಈ ಮೂರು ತಾಲ್ಲೂಕುಗಳ ಮಕ್ಕಳನ್ನೂ ನೋಡುವ ವ್ಯವಸ್ಥೆ ಮಾಡಬೇಕು.

ಇದು ಯಾರೋ ಮಾಡುವ ಉಪಕಾರವಲ್ಲ, ಆಸ್ಪತ್ರೆಯ ಕರ್ತವ್ಯ. 1996ರಲ್ಲಿ ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೇ ಹುಟ್ಟಿದ ಹೆಣ್ಣು ಮಗುವಿನ ಕಣ್ಣು ಪರೀಕ್ಷಿಸಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆದರೆ ಹಣದಿಂದ ಕಣ್ಣು ಬರಲಿಲ್ಲ.

ಸರ್ಕಾರ ಎಚ್ಚರವಾಗುವವರೆಗೆ ನಾವು ಮಾಡಬಹುದಾದ ಕೆಲಸ ಸಣ್ಣದು. ಮಗುವನ್ನು ಮನೆಗೆ ತರುವ ಮೊದಲು, “ಇದರ ಕಣ್ಣು ಯಾವಾಗ, ಎಲ್ಲಿ ತೋರಿಸಬೇಕು? ತಾರೀಕು ಬರೆದುಕೊಡಿ” ಎಂದು ಕೇಳಿ. ಒಮ್ಮೆ ನೋಡಿ ಮತ್ತೆ ಬನ್ನಿ ಎಂದರೆ ತಪ್ಪದೆ ಹೋಗಿ. ಚಿಕಿತ್ಸೆ ಬೇಕೆಂದರೆ ಎರಡು ಮೂರು ದಿನದೊಳಗೆ ಮಾಡಿಸಿ. ಮನೆಯ ಹಿರಿಯ ಉಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ಬಾಣಂತಿ ಮನೆಯಲ್ಲೇ ಇರಲಿ, ಮಗುವನ್ನು ಬೆಚ್ಚಗೆ ಸುತ್ತಿ ನೀವೇ ಕರೆದುಕೊಂಡು ಹೋಗಿ.