ಪ್ಲೇಟು ಸತ್ತಿಲ್ಲ ಮಾರಾಯ್ರೇ, ನಡುವಿನ ಡಬ್ಬಿ ಇಲ್ಲ ಅಷ್ಟೆ

1/6
ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ ಗ್ರಾಮಫೋನ್ ಪ್ಲೇಟುಗಳ ಫೋಟೋಗೆ ನಮ್ಮ ಕ್ಲಾಸಿನವರೇ ಎಷ್ಟು ಜನ ಹಾರ್ಟ್ ಒತ್ತಿದ್ದೀರಿ ಅಂತ ಲೆಕ್ಕ ಹಾಕ್ದೆ. ಹೆಸರು ಹೇಳಲ್ಲ. ‘ವಿಂಟೇಜ್ ವೈಬ್’ ಅಂತೆ. ಮಲ್ಲಂದೂರಿಂದ ಮೂಡಿಗೆರೆ, ಕಳಸದ ತನಕ ಎಷ್ಟೋ ಹೋಂಸ್ಟೇಗಳಲ್ಲಿ ಇದೇ ಅಲಂಕಾರ. ಗೋಡೇಲಿ ನಾಕು ಪ್ಲೇಟು, ಒಂದನ್ನ ಕೊರೆದು ಗಡಿಯಾರ ಮಾಡಿರ್ತಾರೆ, ಮೂಲೇಲಿ ಹಿತ್ತಾಳೆ ಕೊಂಬಿನ ಗ್ರಾಮಫೋನು, ಅದರ ಮೇಲೆ ಒಂದು ಎಲ್‌ಪಿ. ಅದರ ಪಕ್ಕ ಕಾಫಿ ಲೋಟ ಹಿಡ್ಕೊಂಡು ನೀವು.

ಆ ಕೊಂಬಿನ ಯಂತ್ರ ಇರೋದು 78 ಸ್ಪೀಡಿನ, ಅರಗು ಬೆರೆಸಿ ಮಾಡಿದ ಗಟ್ಟಿ ಪ್ಲೇಟಿಗೆ. ಅದರ ಸ್ಟೀಲ್ ಸೂಜಿ ಮೇಲೆ ಬೀಳೋ ಭಾರ ನೂರು ಗ್ರಾಂ ದಾಟ್ತದೆ. ಎಲ್‌ಪಿ ಅನ್ನೋದು ವಿನೈಲ್, ಮೆತ್ತಗಿನ ಪ್ಲಾಸ್ಟಿಕ್ಕು. ಅದಕ್ಕೆ ಬೇಕಾಗಿರೋದು 2 ಗ್ರಾಂ ಆಸುಪಾಸು. 15 ಸೆಕೆಂಡಿನ ರೀಲಿಗೋಸ್ಕರ ಆ ಸೂಜಿ ಇಳಿಸಿದ್ರೆ ಅಲ್ಲಿದ್ದ ಹಾಡನ್ನ ನೇಗಿಲಿಂದ ಉತ್ತ ಹಾಗೆ. ಆಮೇಲೆ ಯಾವ ಯಂತ್ರಕ್ಕೂ ಅದನ್ನ ವಾಪಸ್ ತರೋಕಾಗಲ್ಲ.

ಈ ಸರಣಿ ಬರೀತಿರೋದು ಮಾತ್ರ ಹೋಂಸ್ಟೇಯವರಿಗಲ್ಲ. ನಿಜವಾಗಿ ಕೇಳಬೇಕು ಅಂತ ಟರ್ನ್‌ಟೇಬಲ್ ತಗೊಂಡು, ಹೆಡ್‌ಫೋನ್ ಆಂಪಿಗೆ ಚುಚ್ಚಿ, ‘ಛೆ, ಪ್ಲೇಟಿನ ಶಬ್ದ ಇಷ್ಟೇನಾ’ ಅಂತ ಮುಖ ಸಿಂಡರಿಸಿದವರಿಗೆ. ಮೊಳೆ ಹೊಡೆಯೋರಿಗೆ ಪ್ಲೇಟು ಸಿಗೋದೇ ನಿಮ್ಮ ಆ ಒಂದು ಮಾತಿಂದ.

2/6
ನಮ್ಮ ಪೈಕಿ ಅಜ್ಜ ಒಬ್ರು, ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಮನೇಲಿ ಒಂದು ಟ್ರಂಕ್ ತುಂಬ ಪ್ಲೇಟು, ಹೆಚ್ಚಿನವು 45 ಸ್ಪೀಡಿನ ಚಿಕ್ಕ ಇಪಿಗಳು, ರಾಜ್‌ಕುಮಾರ್ ಕಾಲದ ಸಿನಿಮಾ ಹಾಡು. ಮೊಮ್ಮಗ ಬೆಂಗಳೂರಿಂದ ಟರ್ನ್‌ಟೇಬಲ್ ತಂದ. ಕೆಂಪು-ಬಿಳಿ ವಯರನ್ನ ತನ್ನ ಹೆಡ್‌ಫೋನ್ ಆಂಪಿಗೆ ನೇರ ಸೇರಿಸ್ದ. ವಾಲ್ಯೂಮ್ ಪೂರ್ತಿ ತಿರುಗಿಸಿದ್ರೂ ಸೊಳ್ಳೆ ಹಾಡಿದ ಹಾಗೆ. ಜೊತೆಗೆ ಗುಂಯ್ ಅಂತ ಒಂದು ಸದ್ದು. ‘ತಾತ, ಇವೆಲ್ಲ ಸವೆದು ಹೋಗಿದಾವೆ’ ಅಂತ ತೀರ್ಪು ಕೊಟ್ಟೇಬಿಟ್ಟ. ಅಜ್ಜ ಪಾಪ ನಂಬಿದ್ರು. ಟ್ರಂಕು ಗುಜರಿಯವನ ದಾರಿ ಕಾಯ್ತಾ ಜಗಲೀಲಿ ಕೂತಿತ್ತು.

ಸವೆದಿರಲಿಲ್ಲ. ಲೆಕ್ಕ ನೋಡಿ.

ಮಾಮೂಲಿ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡೋದು 5 ಮಿಲಿವೋಲ್ಟ್ ಆಸುಪಾಸು. ಹೆಡ್‌ಫೋನ್ ಆಂಪು ಕಾಯ್ತಾ ಇರೋದು ಅರ್ಧ ವೋಲ್ಟು, ಒಂದು ವೋಲ್ಟು, ಸಿಡಿ ಪ್ಲೇಯರಾದ್ರೆ 2 ವೋಲ್ಟು. ಅಂದ್ರೆ ಮೊದಲು ನೂರು ಪಟ್ಟು ಹೆಚ್ಚಿಸೋದು ಏನಾದ್ರೂ ನಡುವೆ ಬೇಕು. ಹೆಡ್‌ಫೋನ್ ಆಂಪು ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಅದು ಕೆಲವು ಪಟ್ಟಷ್ಟೇ ಹೆಚ್ಚಿಸ್ತದೆ. ಅದರ ನಿಜವಾದ ಕೆಲಸ ಹೆಡ್‌ಫೋನಿನ ಕಾಯಿಲಿಗೆ ಬೇಕಾದ ಕರೆಂಟು ಕೊಡೋದು.

ಇದು ಬರೀ ಶಬ್ದ ಸಣ್ಣದಾಗೋ ವಿಷಯ ಆಗಿದ್ರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ಪ್ಲೇಟು ಕೆತ್ತೋವಾಗಲೇ ಹಾಡನ್ನ ಬೇಕಂತ ಬದಲಾಯಿಸಿರ್ತಾರೆ. ಕೆಳಗಿನ ಶಬ್ದ, ಅಂದ್ರೆ ಬೇಸ್, ಗೀರನ್ನ ತುಂಬ ಅಗಲ ಓಲಾಡಿಸ್ತದೆ, ಜಾಗ ತಿಂತದೆ, ಸೂಜಿ ಹಾರಿಸ್ತದೆ. ಅದಕ್ಕೆ ಅದನ್ನ ಇಳಿಸಿ ಕೆತ್ತೋದು. ಮೇಲಿನ ಶಬ್ದವನ್ನ ಏರಿಸಿ ಕೆತ್ತೋದು, ಯಾಕಂದ್ರೆ ನುಡಿಸೋವಾಗ ಅದನ್ನ ವಾಪಸ್ ಇಳಿಸಿದ್ರೆ ಜೊತೆಗೆ ಧೂಳಿನ ಸುಯ್ ಕೂಡ ಇಳೀತದೆ. 1954ರ ಹೊತ್ತಿಗೆ ಇದಕ್ಕೊಂದು ಒಪ್ಪಿತ ಅಳತೆ ಬಂತು, ಆರ್‌ಐಎಎ ಅಂತ ಹೆಸರು. ಆ ಅಳತೇಲಿ 50 ಹರ್ಟ್ಜಿನ ಶಬ್ದ 1000 ಹರ್ಟ್ಜಿನದಕ್ಕೆ ಹೋಲಿಸಿದ್ರೆ ಸುಮಾರು ಏಳನೇ ಒಂದು ಭಾಗಕ್ಕೆ ಇಳಿದಿರ್ತದೆ. 10,000 ಹರ್ಟ್ಜಿನದು ಸುಮಾರು ಐದು ಪಟ್ಟು ಏರಿರ್ತದೆ.

ಈಗ ಪಿ.ಬಿ. ಶ್ರೀನಿವಾಸ್ ದನಿ ನೆನಪು ಮಾಡ್ಕೊಳ್ಳಿ. ಆ ದನಿಯ ಮೆತ್ತಗಿನ ತಳ ಇರೋದು 100 ಹರ್ಟ್ಜಿನ ಆಚೀಚೆ. ಗೀರಿನಲ್ಲಿ ಅದು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ನೇರ ಚುಚ್ಚಿ ಕೇಳಿದ್ರೆ ತಳ ಇಲ್ಲದ ದನಿ, ತಬಲಾದ ಬಾಯಾ ಇಲ್ಲ, ‘ಸ’ ‘ಶ’ ಮಾತ್ರ ಕಿವಿಗೆ ಚುಚ್ಚೋದು. ಪಾರ್ಚ್‌ಮೆಂಟ್ ಕಾಫಿಯನ್ನ ಹುರಿಯದೆ, ಪುಡಿ ಮಾಡದೆ ಹಾಗೇ ಫಿಲ್ಟರಿಗೆ ಸುರಿದು ‘ಈ ತೋಟದ ಕಾಫಿ ಚೆನ್ನಾಗಿಲ್ಲ’ ಅಂದ ಹಾಗಾಯ್ತು.

3/6
ಹಾಗಾಗಿ ಸಾಲು ಹೀಗೆ: ಟರ್ನ್‌ಟೇಬಲ್, ಫೋನೋ ಸ್ಟೇಜ್, ಹೆಡ್‌ಫೋನ್ ಆಂಪ್, ಹೆಡ್‌ಫೋನ್. ನೂರು ಪಟ್ಟು ಹೆಚ್ಚಿಸೋದು, ಆರ್‌ಐಎಎಯನ್ನ ತಿರುಗಾ ಸರಿ ಮಾಡೋದು, ಎರಡೂ ಫೋನೋ ಸ್ಟೇಜ್ ಅನ್ನೋ ಆ ಚಿಕ್ಕ ಡಬ್ಬಿಯ ಕೆಲಸ. ನೀವು ಕಾಲೇಜಿಗೆ ಹಾಕ್ಕೊಂಡು ಬರೋ ಶೂಗಿಂತ ಅಗ್ಗಕ್ಕೂ ಸಿಕ್ತದೆ. ಬೆಸುಗೆ ಹಾಕೋಕೆ ಬರೋರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎನ್‌ಇ5532 ಐಸಿ ತಗೊಂಡು ಮನೇಲೇ ಮಾಡ್ಕೋಬಹುದು. ಅದೇ ಐಸಿ ಎಷ್ಟೋ ರೆಡಿಮೇಡ್ ಡಬ್ಬಿಗಳ ಒಳಗೂ ಕೂತಿರ್ತದೆ.

ಕೊಳ್ಳೋ ಮುಂಚೆ ನಿಮ್ಮ ಟರ್ನ್‌ಟೇಬಲ್ ಹಿಂದುಗಡೆ ನೋಡಿ. ಫೋನೋ, ಲೈನ್ ಅಂತ ಒಂದು ಸ್ವಿಚ್ ಇದ್ರೆ ಡಬ್ಬಿ ಒಳಗೇ ಇದೆ ಅಂತ ಅರ್ಥ. ಲೈನ್‌ಗೆ ಹಾಕಿ, ನೇರ ಹೆಡ್‌ಫೋನ್ ಆಂಪಿಗೆ ಕೊಡಿ, ಮುಗೀತು. ಲೈನ್‌ನಲ್ಲಿಟ್ಟು ಹೊರಗಿನ ಡಬ್ಬಿಗೂ ಕೊಟ್ರೆ ಎರಡು ಸಲ ಹುರಿದ ಬೀಜ. ಬೇಸ್ ಗುಡುಗ್ತದೆ, ದನಿ ಒಡೀತದೆ. ಇದನ್ನ ಕೇಳಿ ‘ಅನಲಾಗ್ ವಾರ್ಮ್ತ್’ ಅಂದವರೂ ಇದ್ದಾರೆ!

ಆ ಗುಂಯ್ ಸದ್ದು? ಟರ್ನ್‌ಟೇಬಲ್ಲಿಂದ ಒಂದು ಸಪೂರ ವಯರು ಬೇರೆಯಾಗಿ ಬಂದಿದ್ರೆ ಅದು ಗ್ರೌಂಡ್. ಅದನ್ನ ಫೋನೋ ಡಬ್ಬಿಯ ಗ್ರೌಂಡ್ ಸ್ಕ್ರೂಗೆ ಬಿಗೀಬೇಕು. ಗೋಡೆ ಪ್ಲಗ್ಗಿನ ತೂತಿಗಲ್ಲ, ಕಿಟಕಿ ಸರಳಿಗಲ್ಲ. ಆಮೇಲೆ ಆಂಪಿನ ವಾಲ್ಯೂಮ್ ಸೊನ್ನೆಗಿಳಿಸಿ ಸೂಜಿ ಇಡಿ, ಆಮೇಲೆ ಏರಿಸಿ. ಸೂಜಿ ಬೀಳೋ ಧಡಕ್ ಕಿವಿಯೊಳಗೇ ಆಗ್ತದೆ.

ಇನ್ನು ಸೂಟ್‌ಕೇಸ್ ಪ್ಲೇಯರ್. ಬಣ್ಣ ಚೆಂದ, ಫೋಟೋಗೆ ಚೆಂದ. ಅದರಲ್ಲಿ ಹೆಚ್ಚಾಗಿ ಇರೋದು ಸೆರಾಮಿಕ್ ಕಾರ್ಟ್ರಿಜ್, 5 ಗ್ರಾಂ, ಅದಕ್ಕೂ ಮೇಲೆ ಭಾರ, ತಿದ್ದಿಕೊಳ್ಳೋಕೆ ತಿರುಪೂ ಇರಲ್ಲ. ಹೊಸದಾಗಿ ಮತ್ತೆ ಸಿಗೋ ಪ್ಲೇಟನ್ನ ಅದರಲ್ಲಿ ಹಾಕ್ಕೊಳ್ಳಿ, ನಿಮ್ಮ ದುಡ್ಡು. ಅಜ್ಜನ ಪ್ಲೇಟ್ ಮುಟ್ಟಬೇಡಿ.

4/6
ಇನ್ನೊಂದು ಕಡೆ ದೊಡ್ಡವರ ಗುಂಪಿದೆ. ‘ಹೆಡ್‌ಫೋನಲ್ಲಿ ಪ್ಲೇಟ್ ಕೇಳೋದಾ? ವಾಲ್ವ್ ಆಂಪ್ ಬೇಕು, ಆಳೆತ್ತರದ ಸ್ಪೀಕರ್ ಬೇಕು, ಅದಕ್ಕೇ ಅಂತ ಕೋಣೆ ಬೇಕು’ ಅಂತ. ಇವರ ಮಾತು ಕೇಳಿದ ಹುಡುಗರು ಲಕ್ಷ ಸೇರಿಸೋ ತನಕ ಕಾಯ್ತಾರೆ, ಅಷ್ಟರೊಳಗೆ ಟ್ರಂಕ್ ಗುಜರಿಗೆ ಹೋಗಿರ್ತದೆ.

ನಮ್ಮಲ್ಲಿ ಯಾರ ಮನೇಲಿ ಆ ಕೋಣೆ ಇದೆ ಹೇಳಿ. ಲೈನ್ ಮನೇಲಿ ಇರೋರಿದ್ದೀರಿ, ಹಾಸ್ಟೆಲಿನವರಿದ್ದೀರಿ. ಜುಲೈ ತಿಂಗಳಲ್ಲಿ ಶೀಟ್ ಮಾಡಿನ ಮೇಲೆ ಮಳೆ ಹೊಯ್ಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ಸ್ಪೀಕರ್ ಏನು ಮಾಡ್ತದೆ? ಕಿವಿ ಮುಚ್ಚೋ ಹೆಡ್‌ಫೋನ್ ಈ ಊರಿಗೆ ಹೇಳಿ ಮಾಡಿಸಿದ್ದು. ಸ್ಪೀಕರಿನ ಅದುರು ಸೂಜಿಗೆ ವಾಪಸ್ ಹೋಗಿ ಹೂಂಕರಿಸೋ ಕಾಟವೂ ಇಲ್ಲ. (ಮರದ ಹಲಗೆ ನೆಲದ ಹಳೇ ಮನೆಯಾದ್ರೆ ಯಾರಾದ್ರೂ ನಡೆದಾಡಿದ್ರೂ ಸೂಜಿ ಹಾರ್ತದೆ. ಟರ್ನ್‌ಟೇಬಲ್ಲನ್ನ ಗೋಡೆಗೆ ಹೊಡೆದ ಹಲಗೆ ಮೇಲಿಡಿ. ಕರೆಂಟ್ ಹೋದ್ರೆ ಮಾತ್ರ ನನ್ನ ಹತ್ರ ಉಪಾಯ ಇಲ್ಲ.)

ಹೆಡ್‌ಫೋನಿಗೂ ಕೆಟ್ಟ ಗುಣ ಇದೆ. ಟಿಕ್ ಟಿಕ್ ಸದ್ದೆಲ್ಲ ಕಿವಿ ಪಕ್ಕಕ್ಕೇ ಬರ್ತದೆ. ನಿಮ್ಮ ಹಳೇ ಇಪಿಗಳಲ್ಲಿ ಎಷ್ಟೋ ಮೋನೋ. ಆಂಪಿನಲ್ಲಿ ಮೋನೋ ಸ್ವಿಚ್ ಇದ್ರೆ ಒತ್ತಿ, ಅರ್ಧ ಗಲಾಟೆ ತಣ್ಣಗಾಗ್ತದೆ.

ಹಾಗೇ, ಪ್ಲೇಟಿನ ಶಬ್ದ ಡಿಜಿಟಲ್‌ಗಿಂತ ಮೇಲು ಅನ್ನೋ ಭಜನೆಗೂ ನಾನು ಸೇರಲ್ಲ. 16 ಬಿಟ್ ಸಿಡಿಯ ಡೈನಾಮಿಕ್ ರೇಂಜ್ ಸುಮಾರು 96 ಡೆಸಿಬೆಲ್, ಎಲ್‌ಪಿ 70 ಮುಟ್ಟಿದ್ರೆ ದೊಡ್ಡದು. ನಾನು ಪ್ಲೇಟ್ ಹಾಕೋದು ಹಾಡು ಅದರಲ್ಲಿದೆ ಅಂತ. ಅಷ್ಟೇ ಕಾರಣ, ಅದು ಸಾಕು.

5/6
‘ಎಲ್ಲ ಯೂಟ್ಯೂಬಲ್ಲಿ ಇದೆಯಲ್ಲ ಕಣೋ.’ ಕಮೆಂಟಿನಲ್ಲಿ ಇದು ಬಂದೇ ಬರ್ತದೆ ಅಂತ ಗೊತ್ತು.

1934ರ ‘ಸತಿ ಸುಲೋಚನ’, ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರಿಂಟ್ ತೋರಿಸಿ. ಇಲ್ಲ, ಕಳೆದುಹೋಗಿದೆ. ಅದನ್ನ ನೋಡಿದವರೂ ‘ಎಲ್ಲಿ ಹೋಗ್ತದೆ, ಇರ್ತದೆ’ ಅಂತಲೇ ಅಂದ್ಕೊಂಡಿರ್ತಾರೆ. 1972ರ ‘ಬಂಗಾರದ ಮನುಷ್ಯ’, ‘ನಾಗರಹಾವು’ ಹಾಡು ಎಲ್ಲೂ ಹೋಗಲ್ಲ, ಒಪ್ತೀನಿ. ಆದ್ರೆ ಟ್ರಂಕಿನಲ್ಲಿ ಅವೆರಡೇ ಇರಲ್ಲ. ಓಡದ ಸಿನಿಮಾದ ಹಾಡು, ನಾಟಕದ ಹಾಡು, ಹರಿಕಥೆ, ಯಾರೂ ಈಗ ಹೆಸರು ಹೇಳದ ಗಾಯಕಿ. ಕಂಪನಿಯವರು ಮತ್ತೆ ಹೊರಗೆ ತರೋದು ಓಡೋದನ್ನ. ಉಳಿದದ್ದು ಯಾರದೋ ಜಗಲೀಲಿ ಗುಜರಿಯವನನ್ನ ಕಾಯ್ತಾ ಇರ್ತದೆ.

ಮತ್ತೆ, ಯೂಟ್ಯೂಬಿಗೆ ಅದು ಬಂದದ್ದು ಎಲ್ಲಿಂದ? ಯಾರೋ ಒಬ್ರ ಪ್ಲೇಟಿಂದ. ಕೊಂಬಿನ ಮುಂದೆ ಮೊಬೈಲ್ ಹಿಡಿದು ಮಾಡಿದ್ದು, ಫೋನೋ ಸ್ಟೇಜ್ ಇಲ್ಲದೆ ಮಾಡಿದ್ದು, ಸ್ಪೀಡ್ ತಪ್ಪಿದ್ದು ಎಷ್ಟಿಲ್ಲ ಅಲ್ಲಿ. ಅದನ್ನ ಕೇಳಿ ‘ಹಳೇ ಕಾಲದಲ್ಲಿ ಹೀಗೇ ಹಾಡ್ತಿದ್ರು’ ಅಂತ ಒಂದು ತಲೆಮಾರು ನಂಬಿಬಿಡ್ತದೆ. ನೀವು ಸರಿಯಾಗಿ ಜೋಡಿಸಿದ ಆ ಫೋನೋ ಡಬ್ಬಿಯ ವಯರನ್ನೇ ಲೈನ್ ಇನ್‌ಪುಟ್ ಇರೋ ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಕೊಟ್ರೆ ಹಾಡು ಫೈಲ್ ಆಗಿ ಉಳೀತದೆ.

6/6
ಅಜ್ಜನ ಟ್ರಂಕ್ ಗುಜರಿಗೆ ಹೋಗಲಿಲ್ಲ. ಡಬ್ಬಿ ನಡುವೆ ಬಂತು. ಮೊಮ್ಮಗ ಈಗ ದಿನಾ ನಾಲ್ಕು ಹಾಡು ರೆಕಾರ್ಡ್ ಮಾಡ್ತಿದ್ದಾನೆ, ಯಾವುದು ಯಾವ ಸಿನಿಮಾದ್ದು ಅಂತ ಅಜ್ಜ ಪಕ್ಕದಲ್ಲಿ ಕೂತು ಬರೆಸ್ತಾರೆ. ಹೆಡ್‌ಫೋನ್ ಒಂದೇ ಇರೋದ್ರಿಂದ ಜಗಳವೂ ನಡೀತದೆ.

ನಿಮ್ಮ ಮನೆ ಅಟ್ಟದಲ್ಲಿ ಇದ್ರೆ ಈ ಮಳೆಗಾಲಕ್ಕೆ ಮುಂಚೆ ಇಳಿಸಿ. ಕವರಿಗೆ ಬೂಷ್ಟು ಹಿಡಿದಿದ್ರೆ ಬೇರೆ ಇಡಿ, ಪ್ಲೇಟನ್ನ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. 78ರ ಪ್ಲೇಟನ್ನ ಸ್ಪಿರಿಟ್ ಹಾಕಿ ಒರೆಸಿದ್ರೆ ಅರಗು ಕರಗ್ತದೆ, ಹುಷಾರು. ಅದಕ್ಕೆ ಎಲ್‌ಪಿ ಸೂಜಿಯೂ ಆಗಲ್ಲ. 78ರ ಗೀರು ಅಗಲ, ಅದರ ಸೂಜಿಯ ತುದಿ ಸುಮಾರು 75 ಮೈಕ್ರಾನ್, ಎಲ್‌ಪಿಯದು 18ರ ಹತ್ತಿರ. ಅದರ ಕಥೆ ಬೇರೆ ಸರಣೀಲಿ.

ಲೇಬಲ್ಲಿನ ಎರಡೂ ಮುಖದ ಫೋಟೋ ತೆಗೆದು ನಂಗೆ ಮೆಸೇಜ್ ಮಾಡಿ, ನಂಬರ್ ಕಾಣೋ ಹಾಗೆ. ನನ್ನ ಫೋನೋ ಡಬ್ಬಿಯನ್ನ ಶನಿವಾರ ಕ್ಲಾಸಿಗೆ ತರ್ತೀನಿ. ಬೇಕಾದವರು ಒಂದು ವಾರ ತಗೊಂಡು ಹೋಗಿ, ಗ್ರೌಂಡ್ ಸ್ಕ್ರೂ ಕಳೀಬೇಡಿ.

#ಮಲ್ಲಂದೂರು #ಪ್ಲೇಟು #ಫೋನೋಡಬ್ಬಿ #ಮೊಳೆಹೊಡೀಬೇಡಿ