ಸೊಸೈಟಿ ಅಕ್ಕಿಯೂ ಬೇಳೆಯ ಲೆಕ್ಕವೂ

ಪಡಿತರವನ್ನು ನೆಚ್ಚಿದ ಕುಟುಂಬಗಳಿಗೆ ಮಿತವ್ಯಯವನ್ನು ಉಪದೇಶಿಸುವವರು ನಮ್ಮಲ್ಲಿ ಹೇರಳವಾಗಿದ್ದಾರೆ. ಅವರಲ್ಲಿ ಬಹುಮಂದಿ ತಿಂಗಳ ಸಾಮಾನನ್ನು ಒಮ್ಮೆಗೇ ತರಿಸಿಕೊಳ್ಳುವ ಶಕ್ತಿಯುಳ್ಳವರಾದುದರಿಂದ, ಸಂಜೆ ಕೂಲಿಯ ಹಣ ಕೈಸೇರಿದ ಮೇಲೆ ಬೀದಿಯ ಅಂಗಡಿಗೆ ಹೋಗಿ ‘ಹತ್ತು ರೂಪಾಯಿ ಬೇಳೆ, ಇಪ್ಪತ್ತು ರೂಪಾಯಿ ಎಣ್ಣೆ ಕೊಡಿ’ ಎಂದು ಕೇಳುವ ಗೃಹಿಣಿಯು ಅದೇ ಪದಾರ್ಥಕ್ಕೆ ತಮಗಿಂತ ಹೆಚ್ಚಿನ ದರವನ್ನು ತೆರುತ್ತಿರುವಳೆಂಬ ಸಂಗತಿ ಅವರ ಗಮನಕ್ಕೆ ಬರುವುದು ಅಪೂರ್ವ.

ಅಕ್ಕಿಯ ಮಟ್ಟಿಗೆ ಇಂದು ಕರ್ನಾಟಕದ ಬಡಮನೆ ಅಷ್ಟೇನೂ ಕಷ್ಟದಲ್ಲಿಲ್ಲವೆಂಬುದನ್ನು ಒಪ್ಪತಕ್ಕದ್ದೇ. ರಾಜ್ಯದ ಅನ್ನಭಾಗ್ಯ ಯೋಜನೆಯೂ ಕೇಂದ್ರದ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯೂ ೨೦೧೩ರಲ್ಲಿಯೇ ಬಂದವು. ಕಾಯಿದೆಯಂತೆ ಆದ್ಯತಾ ಕುಟುಂಬಗಳ ಸದಸ್ಯರಿಗೆ ತಿಂಗಳಿಗೆ ತಲಾ ೫ ಕಿಲೋ, ಕಡುಬಡವರ ಅಂತ್ಯೋದಯ ಕುಟುಂಬಕ್ಕೆ ಒಟ್ಟಾರೆ ೩೫ ಕಿಲೋ ಧಾನ್ಯ ನಿಗದಿಯಾಯಿತು. ೨೦೨೩ರ ಜನವರಿಯಿಂದ ಕೇಂದ್ರದ ಪಾಲು ಪೂರ್ಣವಾಗಿ ಉಚಿತವಾಯಿತು. ಅದೇ ವರ್ಷ ರಾಜ್ಯವು ತನ್ನ ಕಡೆಯಿಂದ ತಲೆಗೆ ಇನ್ನೈದು ಕಿಲೋ ಕೊಡಹೊರಟು, ಬೇಕಾದಷ್ಟು ಅಕ್ಕಿ ದೊರೆಯದೆ, ಕಿಲೋಗೆ ೩೪ರಂತೆ ತಲಾ ೧೭೦ ರೂಪಾಯಿಗಳನ್ನು ಖಾತೆಗೆ ಜಮೆ ಮಾಡತೊಡಗಿತು. ೨೦೨೫ರ ಫೆಬ್ರವರಿಯಿಂದ ಹಣ ನಿಂತು ಅಕ್ಕಿಯೇ ಬಂದಿತು. ನಾಲ್ವರಿರುವ ಮನೆಗೆ ತಿಂಗಳಿಗೆ ೪೦ ಕಿಲೋ ಧಾನ್ಯ! ದಕ್ಷಿಣದಲ್ಲಿ ಮುದ್ದೆಯನ್ನೂ ಉತ್ತರದಲ್ಲಿ ಜೋಳದ ರೊಟ್ಟಿಯನ್ನೂ ಉಂಡು ಬೆಳೆದ ಜನ ಇಷ್ಟು ಅಕ್ಕಿಯನ್ನು ಏನು ಮಾಡಿಯಾರು?

ಮಾರುತ್ತಾರೆ. ಅದು ಅಪರಾಧವೆಂಬುದು ಅವರಿಗೂ ಗೊತ್ತು, ಮನೆಬಾಗಿಲಿಗೆ ಬಂದು ಕೊಳ್ಳುವವನಿಗೂ ಗೊತ್ತು. ಕೇವಲ ಗಣಿತದ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ವ್ಯಾಪಾರ: ಎರಡು ಮೂರು ಕಿಲೋ ಸೊಸೈಟಿ ಅಕ್ಕಿಯನ್ನು ಕೊಡದೆ ಒಂದು ಕಿಲೋ ಸೋನಾಮಸೂರಿಯ ಹಣ ಹುಟ್ಟುವುದಿಲ್ಲ. ಆದರೆ ಧಾನ್ಯವನ್ನೇ ಮೂಟೆಗಟ್ಟಲೆ ಕೊಟ್ಟು, ಬೇಳೆ ಎಣ್ಣೆಗಳನ್ನು ಪೇಟೆಯ ದಯೆಗೆ ಬಿಟ್ಟಮೇಲೆ, ಮಾರಿದವಳನ್ನು ಮಾತ್ರ ನಿಂದಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಹೆಚ್ಚುವರಿ ಅಕ್ಕಿಗೆ ಬದಲಾಗಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ಕಿಟ್ ಕೊಡಬೇಕೆಂದು ೨೦೨೫ರ ಅಕ್ಟೋಬರಿನಲ್ಲಿ ಸಚಿವ ಸಂಪುಟವು ನಿರ್ಧರಿಸಿದ್ದು ಈ ಸತ್ಯಕ್ಕೆ ತಡವಾಗಿ ದೊರೆತ ಮನ್ನಣೆ.

ಆದುದರಿಂದ ಪಡಿತರದ ಮನೆಯಲ್ಲಿ ಉಳಿತಾಯದ ಪ್ರಶ್ನೆಯೆಂದರೆ ಬಹುಪಾಲು ಬೇಳೆ ಎಣ್ಣೆಗಳ ಪ್ರಶ್ನೆ. ಅಕ್ಕಿಗೆ ಖರ್ಚಾಗಬೇಕಾಗಿದ್ದ ಹಣವನ್ನು ದಿನದ ಚಿಲ್ಲರೆಯಲ್ಲಿ ಕರಗಗೊಡದೆ, ತಿಂಗಳ ಮೊದಲ ವಾರದಲ್ಲಿಯೇ ಎರಡು ಕಿಲೋ ಬೇಳೆಗೂ ಒಂದು ಡಬ್ಬ ಎಣ್ಣೆಗೂ ವಿನಿಯೋಗಿಸುವುದು ಸಾಧ್ಯವಾದರೆ, ಪುಡಿಪೊಟ್ಟಣದ ಹೆಚ್ಚುದರ ತಪ್ಪುತ್ತದೆ. ಒಬ್ಬಳಿಂದಾಗದಿದ್ದರೆ ಸ್ವಸಹಾಯ ಸಂಘದ ನಾಲ್ಕಾರು ಹೆಂಗಸರು ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳಬಹುದು. ತೊಗರಿ ದುಬಾರಿಯಾದ ತಿಂಗಳಲ್ಲಿ ಹುರುಳಿ, ಅಲಸಂದೆಗಳಿವೆ. ಬಸ್ಸಾರನ್ನು ಮೊದಲು ಮಾಡಿದ ಅಜ್ಞಾತ ಗೃಹಿಣಿಯನ್ನು ನಾನು ಅರ್ಥಶಾಸ್ತ್ರಜ್ಞರ ಸಾಲಿನಲ್ಲಿ ಕೂರಿಸಬಲ್ಲೆ: ಹುರುಳಿಯನ್ನೂ ಹೊಲದ ಬದುವಿನ ಬೆರಕೆ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ, ಉಳಿದ ಕಾಳು ಸೊಪ್ಪುಗಳಿಂದ ಪಲ್ಯವನ್ನೂ ಪಡೆದ ಆಕೆ, ಒಂದು ಒಲೆಯ ಉರಿಯಲ್ಲಿ ಎರಡು ವ್ಯಂಜನಗಳನ್ನು ಸಾಧಿಸಿದಳು. ಉತ್ತರದವರ ಪುಂಡಿಸೊಪ್ಪಿನ ಪಲ್ಯಕ್ಕೂ ಹಿಡಿ ನುಚ್ಚು, ಹಿಡಿ ಬೇಳೆ ಬಿದ್ದರೆ ಸಾಕು, ಮನೆಮಂದಿಯೆಲ್ಲ ಉಣ್ಣುವಷ್ಟಾಗುತ್ತದೆ. ದಪ್ಪಕ್ಕಿ ಅನ್ನಕ್ಕೆ ರುಚಿಸದೆನ್ನುವ ಮನೆಗಳಲ್ಲಿಯೂ ಅದು ದೋಸೆ, ಇಡ್ಲಿ, ಬೇಸಗೆಯ ಸಂಡಿಗೆಗಳಿಗೆ ಸೊಗಸಾಗಿ ಒದಗುವುದು.

ಇಲ್ಲೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಮೊರದಲ್ಲಿ ಅಕ್ಕಿ ಆರಿಸುವಾಗ ಬಣ್ಣ ಬೇರೆಯಾಗಿ, ನೀರಿಗೆ ಹಾಕಿದರೆ ತೇಲುವ ಕಾಳುಗಳನ್ನು ಕಂಡು ‘ಪ್ಲಾಸ್ಟಿಕ್ ಅಕ್ಕಿ’ಯೆಂದು ಹೆದರಿ ಎಸೆಯುವವರು ಇಂದಿಗೂ ಇದ್ದಾರೆ. ಅವು ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ೧೨ ಜೀವಸತ್ವಗಳನ್ನು ಬೆರೆಸಿ, ಅಕ್ಕಿಯ ಆಕಾರಕ್ಕೆ ಒತ್ತಿ, ಸುಮಾರು ನೂರು ಕಾಳಿಗೆ ಒಂದರಂತೆ ಕೂಡಿಸಿದ ಸಾರವರ್ಧಿತ ಕಾಳುಗಳು. ಅವನ್ನು ಆರಿಸಿ ಚೆಲ್ಲಿದರೆ ಸರಕಾರ ಸೇರಿಸಿದ ಪುಷ್ಟಿಯೇ ಚೆಲ್ಲಿಹೋಗುತ್ತದೆ. ಈ ನಾಲ್ಕು ಮಾತುಗಳನ್ನು ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸುವುದಕ್ಕೆ ಯಾವ ಸಮಿತಿಯ ವರದಿಯೂ ಬೇಕಾಗಿಲ್ಲ.

ರಾಯಚೂರು, ಯಾದಗಿರಿಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದವರ ಪಾಡು ಇನ್ನೊಂದು ಬಗೆಯದು. ಊರಿನ ಕಾರ್ಡಿನ ಅಕ್ಕಿ ಊರಿನಲ್ಲಿಯೇ ಎಂದು ಭಾವಿಸಿ, ಇಲ್ಲಿ ಪೇಟೆಯ ದರಕ್ಕೆ ಅಕ್ಕಿ ಕೊಳ್ಳುವವರು ಅವರಲ್ಲಿದ್ದಾರೆ. ರಾಜ್ಯದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ತಮ್ಮ ಧಾನ್ಯವನ್ನು ಪಡೆಯಬಹುದೆಂಬ ಒಂದು ತಿಳಿವಳಿಕೆ ಅವರಿಗೆ ಉಳಿಸಿಕೊಡುವ ಹಣವನ್ನು ಅಡುಗೆಮನೆಯ ಎಷ್ಟು ಜಾಣತನವೂ ಉಳಿಸಿಕೊಡಲಾರದು. ಮೇಸ್ತ್ರಿಗಳಿಗೂ ಕಾರ್ಮಿಕ ಇಲಾಖೆಗೂ ಇದನ್ನು ಸಾರುವುದು ದೊಡ್ಡ ಕೆಲಸವೇನಲ್ಲ.

ಹಾಗೆ ಅಂಗಡಿಗೆ ಹೋದವರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರವನ್ನು ಕೇಳಿ ಹಿಂದಿರುಗುವುದುಂಟು. ಕೂಲಿಯವಳಿಗೆ ಆ ನಾಳೆಯ ಬೆಲೆ ಒಂದು ದಿನದ ಸಂಬಳ. ಎರಡು ಸಲ ಹೀಗಾದರೆ ಉಚಿತವೆಂದು ಕೊಟ್ಟ ಅಕ್ಕಿಯ ಮೌಲ್ಯದ ಬಹುಪಾಲನ್ನು ಸರದಿಯ ಸಾಲೇ ನುಂಗಿರುತ್ತದೆ. ಮಿತವ್ಯಯದ ಉಪದೇಶಕ್ಕೆ ಮೊದಲು ಆಹಾರ ಇಲಾಖೆಯು ವಿತರಣೆಯ ದಿನಗಳಲ್ಲಿ ಅಂಗಡಿಯನ್ನು ಕೂಲಿ ಮುಗಿದ ಮೇಲೆಯೂ, ರಾತ್ರಿ ಎಂಟರ ತನಕ, ತೆರೆದಿರಿಸಲಿ. ಹೆಬ್ಬೆಟ್ಟಿನ ಯಂತ್ರ ಕೆಟ್ಟಾಗ ಬಂದವರಿಗೆ ಚೀಟಿ ಕೊಟ್ಟು, ಮರುದಿನ ಸಾಲಿನಲ್ಲಿ ನಿಲ್ಲಿಸದೆ ಮೊದಲಿಗೇ ಅಕ್ಕಿ ಅಳೆದು ಕಳುಹಿಸುವಂತೆ ಅಂಗಡಿಯವರಿಗೆ ಆಜ್ಞೆ ಹೊರಡಿಸಲಿ.