ನಿವೃತ್ತರ ವಿದ್ಯಾಭ್ಯಾಸ

ಫ್ರಾನ್ಸಿನ ತುಲೂಸ್ ನಗರದಲ್ಲಿ ಪ್ರಾಧ್ಯಾಪಕ ಪಿಯೆರ್ ವೆಲಾಸರು 1973ರಲ್ಲಿ ನಿವೃತ್ತರಿಗಾಗಿ ತೆರೆದ ‘ತೃತೀಯ ವಯಸ್ಸಿನ ವಿಶ್ವವಿದ್ಯಾನಿಲಯ’ವು ಅಲ್ಲಿನ ವಿದ್ಯಾಪೀಠದ ಆಶ್ರಯದಲ್ಲಿಯೇ ಬೆಳೆಯಿತಾದರೆ, 1980ರ ದಶಕದ ಆದಿಯಲ್ಲಿ ಆ ಹೆಸರನ್ನು ಕೈಗೆತ್ತಿಕೊಂಡ ಬ್ರಿಟನ್ನಿನ ಪೀಟರ್ ಲ್ಯಾಸ್ಲೆಟ್ ಮೊದಲಾದವರು, ಸದಸ್ಯರಲ್ಲಿ ಬಲ್ಲವರೇ ಬೋಧಿಸತಕ್ಕದ್ದು, ಬೋಧಿಸಿದವರೇ ಮರುದಿನ ಮತ್ತೊಬ್ಬರೆದುರು ಶಿಷ್ಯರಾಗಿ ಕೂರತಕ್ಕದ್ದು ಎಂಬ ಪದ್ಧತಿಯನ್ನು ರೂಢಿಗೆ ತಂದರು. ಪ್ರವೇಶಕ್ಕೆ ಅರ್ಹತೆ ಬೇಡ. ಪರೀಕ್ಷೆಯಿಲ್ಲ, ಪದವಿಯೂ ಇಲ್ಲ. ಊರಿನ ಸಭಾಗೃಹದಲ್ಲಿಯೋ ಸದಸ್ಯರೊಬ್ಬರ ಮನೆಯ ಪಡಸಾಲೆಯಲ್ಲಿಯೋ, ಚಹದ ಬಟ್ಟಲುಗಳ ನಡುವೆ, ಆಯುಷ್ಯವೆಲ್ಲ ಲೆಕ್ಕಪತ್ರಗಳಲ್ಲಿ ಕಳೆದವರೊಬ್ಬರು ಲ್ಯಾಟಿನ್ ವಿಭಕ್ತಿಗಳನ್ನು ತಡವರಿಸುತ್ತ ಒಪ್ಪಿಸುವುದನ್ನು ಕಂಡು ನಗುವವರು ನಗಲಿ. ಇಂಥ ವಿದ್ಯಾರ್ಥಿಗಳು ದೊರೆಯಬಾರದೇ ಎಂದು ಹಂಬಲಿಸದ ಉಪಾಧ್ಯಾಯನುಂಟೆ? ತರಗತಿ ನಡೆಸಲು ಮುಂದೆ ಬರುವವರು ಸಾಲದೆಂಬ ಕೊರಗು ಅಲ್ಲಿಯೂ ಉಂಟು. ಕೇಳಲು ಕೂರುವವರಿಗೇನೂ ಬರವಿಲ್ಲ.